ಸ್ಯಾನ್ ಸೆಬಾಸ್ಟಿಯನ್‌ಗೆ ಹೋಗುವವರಿಗೆ: ಹಳೇ ಚೌಕದಲ್ಲಿ ತಲೆ ಎತ್ತಿ ನೋಡಿ

ಸ್ಪೇನ್‌ನ ಸ್ಯಾನ್ ಸೆಬಾಸ್ಟಿಯನ್‌ಗೆ ಹೋದವರು ಸಾಮಾನ್ಯವಾಗಿ ಲಾ ಕೊಂಚಾ ಬೀಚ್‌ನಲ್ಲೇ ದಿನ ಕಳೆಯುತ್ತಾರೆ. ಹಳೇ ಊರಿನ ಒಳಗಿರುವ ಪ್ಲಾಸಾ ದೆ ಲಾ ಕಾನ್‌ಸ್ಟಿಟ್ಯುಸಿಯೋನ್ ಚೌಕಕ್ಕೂ ಒಂದು ಗಂಟೆ ಇಡಿ. ಬೀಚ್‌ನಿಂದ ಸುಮ್ನೆ ನಡೆದೇ ಹೋಗಬಹುದು.

ಚೌಕದ ಮಧ್ಯೆ ನಿಂತು ಬಾಲ್ಕನಿಗಳನ್ನು ನೋಡಿ. ಪ್ರತಿ ಕಿಟಕಿಯ ಮೇಲೂ ಒಂದೊಂದು ನಂಬರ್ ಬರೆದಿದೆ. ಮನೆ ನಂಬರ್ ಅಲ್ಲ. ಹಿಂದೆ ಇಲ್ಲಿ ಗೂಳಿ ಕಾಳಗ ನಡೆಯುತ್ತಿತ್ತು, ಬಾಲ್ಕನಿಗಳನ್ನು ಪ್ರೇಕ್ಷಕರಿಗೆ ಬಾಡಿಗೆಗೆ ಕೊಡುತ್ತಿದ್ದರು. ಆ ಸೀಟ್ ನಂಬರ್‌ಗಳು ಇವತ್ತಿಗೂ ಹಾಗೇ ಇವೆ! 1813ರ ಆಗಸ್ಟ್ 31ರಂದು ಯುದ್ಧದಲ್ಲಿ ಊರು ಸುಟ್ಟುಹೋಯಿತು. ಆಮೇಲೆ ಹೊಸದಾಗಿ ಕಟ್ಟಿದ ಚೌಕ ಇದು. ಬೆಂಕಿಯಿಂದ ಉಳಿದ ಕೆಲವು ಮನೆಗಳಿದ್ದ ಬೀದಿಗೆ ಆ ತಾರೀಖನ್ನೇ ಹೆಸರಾಗಿ ಇಟ್ಟಿದ್ದಾರೆ. ಹತ್ತಿರದಲ್ಲೇ ಇದೆ, ಅದನ್ನೂ ನೋಡಿ ಬನ್ನಿ.

ಫೋಟೋ ಬೇಕಿದ್ದರೆ ಬೆಳಿಗ್ಗೆ ಬೇಗ ಹೋಗಿ. ಸಂಜೆ ಕಮಾನುಗಳ ಕೆಳಗಿನ ಬಾರ್‌ಗಳ ಮುಂದೆ ಜನ ಜಾಸ್ತಿ.

ಸಸ್ಯಾಹಾರಿಗಳು ಸ್ವಲ್ಪ ಹುಷಾರು. ಪಿಂಚೊ ಅನ್ನುವ ಚಿಕ್ಕ ತಿಂಡಿಗಳಲ್ಲಿ ಮೀನು, ಹಂದಿ ಮಾಂಸ ಸಾಮಾನ್ಯ. ಆಲಿವ್, ಮೆಣಸಿನಕಾಯಿ ಚುಚ್ಚಿದ ಗಿಲ್ಡಾ ನೋಡಲು ಸಸ್ಯಾಹಾರದಂತೆ ಕಂಡರೂ ಅದರಲ್ಲಿ ಆಂಚೊವಿ ಮೀನು ಇರುತ್ತದೆ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆ ಟೋರ್ಟಿಯಾ (ದಪ್ಪ ಆಮ್ಲೆಟ್) ಒಳ್ಳೆಯದು. ಹುರಿದ ಹಸಿಮೆಣಸಿನಕಾಯಿ ಸಿಕ್ಕರೆ ಬಿಡಬೇಡಿ.

ಜನವರಿಯಲ್ಲಿ ಹೋಗುವುದಾದರೆ 19ರ ರಾತ್ರಿ 12 ಗಂಟೆಗೆ ಈ ಚೌಕದಲ್ಲೇ ಇರಿ. ಊರಿನ ಬಾವುಟ ಏರಿಸಿ, ಡ್ರಮ್ ಬಾರಿಸಿ ತಂಬೊರ್ರಾದಾ ಹಬ್ಬ ಶುರು ಮಾಡುತ್ತಾರೆ. ರೂಮನ್ನು ಮಾತ್ರ ತುಂಬಾ ಮೊದಲೇ ಬುಕ್ ಮಾಡಿಕೊಳ್ಳಿ.