ಸಮೋವದ ಹಚ್ಚೆಯನ್ನು ಓದುವುದು ಹೇಗೆ?

ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳಲ್ಲಿ ಸಮೋವವೂ ಒಂದು. ಆದರೆ ಪಾಲಿನೇಷ್ಯನ್ ಟ್ಯಾಟೂ ಅಂತ ಒಂದೇ ಹಚ್ಚೆ ಇಲ್ಲ. ಸಮೋವದ್ದು ಬೇರೆ, ಮಾರ್ಕೇಸಸ್ ದ್ವೀಪಗಳದ್ದು ಬೇರೆ, ನ್ಯೂಜಿಲೆಂಡಿನ ಮಾವೊರಿಗಳದ್ದು ಬೇರೆ. ಮೊದಲು ಯಾವ ನಾಡಿನದ್ದೆಂದು ತಿಳಿದುಕೊಳ್ಳಿ. ಇಲ್ಲಿ ಸಮೋವದ ಹಚ್ಚೆ 'ತತೌ' ನೋಡೋಣ.

ಚಿತ್ತಾರಕ್ಕಿಂತ ಮುಂಚೆ ಅದು ಮೈಮೇಲೆ ಎಲ್ಲಿದೆ ನೋಡಿ. ಸೊಂಟದಿಂದ ಮಂಡಿವರೆಗೆ ಕಪ್ಪಾಗಿ ತುಂಬಿದ್ದರೆ ಅದು ಗಂಡಸರ 'ಪೆಅ'. ತೊಡೆಯಿಂದ ಮಂಡಿವರೆಗೆ, ನಡುನಡುವೆ ಬರಿಯ ಚರ್ಮ ಬಿಟ್ಟು ಬಿಡಿಸಿದ್ದರೆ ಹೆಂಗಸರ 'ಮಲು'. ಮಲು ಎಂದರೆ ಆಸರೆ. ಮಂಡಿಯ ಹಿಂಭಾಗದ ವಜ್ರಾಕಾರದ ಚಿತ್ತಾರಕ್ಕೂ ಅದೇ ಹೆಸರು. ಗಂಡಸರು ತೋಳಿನ ಮೇಲೆ ಅದನ್ನು ಹಾಕಿಸಿಕೊಂಡರೆ ಸಮೋವದವರಿಗೆ ನೋವಾಗುತ್ತದೆ, ಅದು ಹೆಣ್ಣುಮಕ್ಕಳ ಸ್ವತ್ತು.

ಪೆಅವನ್ನು ಬೆನ್ನ ಕಡೆಯಿಂದ ಓದಿ. ಸೊಂಟದ ಮೇಲೆ ಅಡ್ಡಕ್ಕೆ ಹರಡಿ, ಎರಡೂ ತುದಿ ಪಕ್ಕೆಯತ್ತ ಏರಿರುವುದು 'ವಅ', ಅಂದರೆ ದೋಣಿ. ಅದರ ಕೆಳಗೆ ಸಾಲುಸಾಲು ಗೆರೆಗಳು 'ಅಸೊ', ಮನೆಯ ಮಾಡಿನ ತೊಲೆಗಳು. ದೋಣಿ, ಮನೆ ಎರಡನ್ನೂ ಹೊತ್ತ ಮೈ ಕುಟುಂಬಕ್ಕೆ ದುಡಿಯುವ ಮೈ ಎಂಬ ಅರ್ಥ. ಕೊನೆಗೆ ಹೊಕ್ಕುಳ ಸುತ್ತ 'ಪುತೆ' ಹಾಕಿದರೆ ಕೆಲಸ ಮುಗಿಯಿತು. ಪುತೆ ಇಲ್ಲದೆ ಅರ್ಧಕ್ಕೇ ನಿಂತದ್ದು 'ಪೆಅ ಮುತು'. ಅದು ಹಾಕಿಸಿಕೊಂಡವನಿಗೂ ಅವನ ಮನೆಯವರಿಗೂ ಅವಮಾನ. ನೋವು ತಡೆಯಬಲ್ಲೆ ಎಂಬ ಖಾತ್ರಿ ಇಲ್ಲದೆ ಯಾರೂ ಶುರು ಮಾಡುವುದಿಲ್ಲ.

ಹಾಕುವವರು 'ತುಫುಗ'. ಹಲ್ಲುಹಲ್ಲಿನ ಬಾಚಣಿಗೆಯನ್ನು ಮಸಿಯಲ್ಲಿ ಅದ್ದಿ, ಚರ್ಮದ ಮೇಲಿಟ್ಟು ಕೋಲಿನಿಂದ ಟಕಟಕ ತಟ್ಟುತ್ತಾರೆ. ಸಹಾಯಕರು ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಸಡಿಲವಾದರೆ ಹಲ್ಲು ಸಮನಾಗಿ ಇಳಿಯುವುದಿಲ್ಲ, ಗೆರೆ ಸೊಟ್ಟಗಾಗುತ್ತದೆ. ಹಿಂದೆ ಹಲ್ಲುಗಳನ್ನು ಹಂದಿಯ ಕೋರೆಯಿಂದ ಮಾಡುತ್ತಿದ್ದರು. ಕೋರೆಯ ಸಂದುಗಳಲ್ಲಿ ರಕ್ತ ಉಳಿದರೆ ಸೋಂಕು ದಾಟುತ್ತದೆ, ಅದಕ್ಕೇ ಈಗ ಅನೇಕರು ಸ್ಟೀಲ್ ಬಳಸುತ್ತಾರೆ. ದಿನಗಟ್ಟಲೆ ನಡೆಯುವ ಕೆಲಸವಿದು, ಗಾಯ ತುಂಬಾ ದೊಡ್ಡದು. ದಿನವೂ ಚೆನ್ನಾಗಿ ತೊಳೆಯಬೇಕು. ಕೀವು, ಜ್ವರ ಕಂಡರೆ ಆ ದಿನವೇ ಡಾಕ್ಟರ ಹತ್ತಿರ ಹೋಗಬೇಕು.

ನಿಮಗೂ ಆಸೆಯಿದ್ದರೆ ಇಂಟರ್‌ನೆಟ್ಟಿನ ಫೋಟೊ ತೋರಿಸಿ ನಕಲು ಮಾಡಿಸಬೇಡಿ. ಮಾವೊರಿಗಳ ಮುಖದ 'ಮೊಕೊ'ದಲ್ಲಂತೂ ಆ ವ್ಯಕ್ತಿಯ ವಂಶಾವಳಿಯೇ ಇರುತ್ತದೆ. ಹೊರಗಿನವರಿಗೆಂದೇ ಅವರಲ್ಲಿ 'ಕಿರಿತುಹಿ' ಎಂಬ ಹಚ್ಚೆ ಇದೆ, ಅದನ್ನು ಕೇಳಿ. ಸಮೋವದವರ ಮೈಮೇಲೆ ಹಚ್ಚೆ ಕಂಡರೆ ಬಟ್ಟೆ ಸರಿಸಿ ತೋರಿಸಿ ಎನ್ನಬೇಡಿ. ಹಾಕಿದ ತುಫುಗ ಯಾರು, ಯಾವ ಮನೆತನದವರು ಎಂದು ಕೇಳಿ.