ದವಡೆ ನೋವಿಗೆ ಬೆನ್ನು ನೋಡಿದ್ದು

ಫಿಸಿಯೋಥೆರಪಿ ಓದುವಾಗ ದವಡೆಯ ಸ್ನಾಯುಗಳನ್ನು ನಾನು ಬಾಯಿಪಾಠ ಮಾಡಿದ್ದೆ. ಮ್ಯಾಸಿಟರ್ ಕೆನ್ನೆಯ ಮೂಳೆಯಿಂದ ಹೊರಟು ದವಡೆಯ ಮೂಲೆಗೆ ಸೇರುತ್ತದೆ. ಟೆಂಪೊರಾಲಿಸ್ ಕಣತಲೆಯ ಮೇಲೆ ಬೀಸಣಿಗೆಯ ಹಾಗೆ ಹರಡಿದೆ. ಒಳಗಡೆ ಎರಡು ಟೆರಿಗಾಯ್ಡ್‌ಗಳಿವೆ. ಬೆನ್ನುಮೂಳೆಯ ಪಾಠ ಬೇರೆ ದಿನ, ಬೇರೆ ಅಧ್ಯಾಯ: ಕತ್ತಿಗೆ 7 ಮೂಳೆ, ಎದೆಯ ಹಿಂದೆ 12, ಸೊಂಟಕ್ಕೆ 5. ಪರೀಕ್ಷೆಯಲ್ಲಿ ಎರಡನ್ನೂ ಚೆನ್ನಾಗಿ ಬರೆದೆ. ಇವೆರಡೂ ಒಂದೇ ದೇಹದಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ ಅನ್ನುವುದು ನನ್ನ ಕೈಗೆ ತಿಳಿದದ್ದು ಮಾತ್ರ ವರ್ಷಗಳಾದ ಮೇಲೆ. ಸೀರೆಗೆ ಕುಚ್ಚು ಕಟ್ಟುವ ಒಬ್ಬ ಅಕ್ಕನಿಂದ.

ಅವರು ಬಂದಾಗ ಬಲಗೈ ಕೆನ್ನೆಯ ಮೇಲಿತ್ತು. "ಮೇಡಂ, ರೊಟ್ಟಿ ಅಗಿಯೋಕೇ ಆಗ್ತಿಲ್ಲ. ಆಕಳಿಸಿದ್ರೆ ಕಿವಿ ಹತ್ರ ಟಕ್ ಅನ್ನುತ್ತೆ" ಅಂದರು. ಹಲ್ಲಿನ ಡಾಕ್ಟರು ಆಗಲೇ ನೋಡಿ, ಹಲ್ಲಲ್ಲಿ ತೊಂದರೆಯಿಲ್ಲ ಅಂತ ಹೇಳಿ ನನ್ನ ಹತ್ತಿರ ಕಳಿಸಿದ್ದರು. ಬಾಯಿ ತೆರೆಯಲು ಹೇಳಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಸ್ಕೇಲ್ ಇಟ್ಟೆ. 33 ಮಿಲಿಮೀಟರ್. ದೊಡ್ಡವರಿಗೆ 40ರ ಮೇಲೆ ಬರಬೇಕು. ತಮ್ಮದೇ ಮೂರು ಬೆರಳು ನಿಲ್ಲಿಸಿ ಬಾಯಿಯೊಳಗೆ ತೂರಿಸಲು ಹೇಳಿದರೆ ಎರಡೇ ಹೋದವು. ಬಾಯಿ ತೆರೆಯುವಾಗ ಗದ್ದ ಮೊದಲು ಬಲಕ್ಕೆ ವಾಲುತ್ತಿತ್ತು. ಟಕ್ ಅಂದ ಮೇಲೆ ನಡುವಿಗೆ ವಾಪಸ್ ಬರುತ್ತಿತ್ತು.

ಇದು ಆ ಕೀಲು ಕೆಲಸ ಮಾಡುವ ರೀತಿಯಿಂದಲೇ ಆಗುವುದು. ದವಡೆಯ ಕೀಲು ಬಾಗಿಲ ಕೀಲಿನಂತೆ ಒಂದೇ ಕಡೆ ನಿಂತು ತಿರುಗುವುದಿಲ್ಲ. ಮೊದಲು ಇದ್ದಲ್ಲೇ ಉರುಳುತ್ತದೆ, ಆಮೇಲೆ ಮುಂದಕ್ಕೆ ಜಾರುತ್ತದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ಅಗಲವಾಗಿ ತೆರೆದು ನೋಡಿ, ಒಂದು ಗುಂಡು ಮೂಳೆ ಮುಂದೆ ಸರಿಯುವುದು ಸಿಗುತ್ತದೆ. ಮೂಳೆಯ ತುದಿಗೂ ತಲೆಬುರುಡೆಗೂ ನಡುವೆ ಮೆತ್ತೆಯ ಹಾಗೆ ಒಂದು ಪುಟ್ಟ ಡಿಸ್ಕ್ ಇದೆ. ಅದು ಜಾಗ ಬಿಟ್ಟು ಮುಂದೆ ಹೋಗಿದ್ದರೆ, ಮೂಳೆ ಜಾರುತ್ತಾ ಬಂದು ಅದರ ಮೇಲೆ ಹತ್ತುವ ಕ್ಷಣದಲ್ಲಿ ಟಕ್ ಅನ್ನುತ್ತದೆ. ಹತ್ತುವ ತನಕ ಆ ಕಡೆ ಹಿಂದೆ ಬೀಳುತ್ತದೆ. ಹಾಗಾಗಿ ಗದ್ದ ಅತ್ತ ವಾಲುತ್ತದೆ.

ಇಷ್ಟು ಗೊತ್ತಿದ್ದರಿಂದ ನಾನು ನೇರವಾಗಿ ದವಡೆಗೇ ಕೈ ಹಾಕಿದೆ. ಗ್ಲೌಸ್ ಹಾಕಿ, ಹೆಬ್ಬೆರಳು ಕೆನ್ನೆಯ ಒಳಗೆ, ಉಳಿದ ಬೆರಳು ಹೊರಗೆ ಇಟ್ಟು ಮ್ಯಾಸಿಟರ್ ಸಡಿಲಿಸಿದೆ. ಬಿಸಿ ಶಾಖ ಕೊಟ್ಟೆ. ಅವತ್ತು ಸಂಜೆ ಆರಾಮ, ಮರುದಿನ ಮಧ್ಯಾಹ್ನಕ್ಕೆ ಮತ್ತೆ ಅದೇ ನೋವು. ಎರಡು ವಾರ ಹೀಗೇ ನಡೆಯಿತು. ಅಷ್ಟು ದೂರದಿಂದ ಬಸ್ಸಿನಲ್ಲಿ ಬರುವವರಿಗೆ ಒಂದು ಸಂಜೆಯ ಆರಾಮ ಮಾತ್ರ ಕೊಟ್ಟು ಕಳಿಸುತ್ತಿದ್ದೇನೆ ಅಂತ ನನಗೆ ತುಂಬಾ ಬೇಸರವಾಗಿತ್ತು.

ಮೂರನೇ ವಾರ, "ಅಕ್ಕಾ, ನಾಳೆ ಬರುವಾಗ ಒಂದು ಸೀರೆ, ದಾರ, ಸೂಜಿ ತನ್ನಿ. ಮನೇಲಿ ಹೇಗೆ ಕೂರ್ತೀರೋ ಹಾಗೇ ಕೂತು ಕಟ್ಟಿ" ಅಂದೆ. ನೆಲದ ಮೇಲೆ ಚಾಪೆ ಹಾಸಿದೆ. ಅವರು ಚಕ್ಕಳಮಕ್ಕಳ ಹಾಕಿ ಕೂತು ಸೆರಗನ್ನು ಮೊಣಕಾಲ ಮೇಲೆ ಹರಡಿಕೊಂಡರು. ಹತ್ತು ನಿಮಿಷದಲ್ಲಿ ಸೊಂಟ ಹಿಂದಕ್ಕೆ ಕುಸಿಯಿತು. ಬೆನ್ನು ಗೂನಾಯಿತು. ತಲೆ ಮುಂದೆ ಹೋಯಿತು. ಗಂಟು ಕಾಣಲಿ ಅಂತ ಗದ್ದ ಮಾತ್ರ ಎತ್ತಿಕೊಂಡಿದ್ದರು, ಆಮೆ ಚಿಪ್ಪಿನಿಂದ ಕತ್ತು ಚಾಚಿದ ಹಾಗೆ. ಹಿಂದಿನಿಂದ ಹೋಗಿ ಅವರ ಎರಡೂ ಕೆನ್ನೆಯ ಮೇಲೆ ಎರಡೆರಡು ಬೆರಳು ಇಟ್ಟೆ. ಅವರು ಗಂಟು ಬಿಗಿದಾಗಲೆಲ್ಲ ಬಲಗಡೆಯ ಮ್ಯಾಸಿಟರ್ ನನ್ನ ಬೆರಳಡಿ ಗೋಲಿಯ ಹಾಗೆ ಗಟ್ಟಿಯಾಗುತ್ತಿತ್ತು. ಪ್ರತಿ ಗಂಟಿಗೂ ಒಂದು ಸಲ. ಕೊನೆಗೆ ದಾರವನ್ನು ಬಲಗಡೆಯ ಹಲ್ಲಿನಲ್ಲೇ ಕಡಿದರು. ಒಂದು ಸೀರೆಗೆ ಎಷ್ಟು ಗಂಟು, ದಿನಕ್ಕೆ ಎಷ್ಟು ಸೀರೆ! ನನ್ನ ಅರ್ಧ ಗಂಟೆಯ ಚಿಕಿತ್ಸೆ ಅದರ ಮುಂದೆ ಎಲ್ಲಿ ನಿಲ್ಲಬೇಕು?

ಕೂರುವ ರೀತಿಗೂ ದವಡೆಗೂ ಏನು ಸಂಬಂಧ ಅಂತ ಅವರೂ ಕೇಳಿದರು. ಅವರಿಗೆ ಮಾಡಿಸಿದ್ದನ್ನು ನೀವೂ ಮಾಡಿ ನೋಡಬಹುದು. ನೇರ ಕೂತು ಹಲ್ಲುಗಳನ್ನು ಮೆಲ್ಲಗೆ ಟಕಟಕ ತಾಗಿಸಿ. ಈಗ ಮುಖ ಮೇಲೆತ್ತಿ ಅದೇ ಮಾಡಿ, ಹಲ್ಲು ಹಿಂದುಗಡೆ ತಾಗುತ್ತದೆ. ಗದ್ದ ಎದೆಯ ಕಡೆ ಇಳಿಸಿ ಮಾಡಿ, ಮುಂದುಗಡೆ ತಾಗುತ್ತದೆ. ತಲೆಯ ಜೊತೆಗೆ ದವಡೆಯ ಜಾಗವೂ ಬದಲಾಯಿತು, ಅಲ್ವಾ? ಗಂಟಲಿನ ಮೇಲ್ಭಾಗದಲ್ಲಿ ಹಯಾಯ್ಡ್ ಅನ್ನುವ ಪುಟ್ಟ ಮೂಳೆ ಇದೆ. ಬೇರೆ ಯಾವ ಮೂಳೆಗೂ ಅದು ಕೀಲು ಕೂಡಿಲ್ಲ, ಸ್ನಾಯುಗಳ ನಡುವೆ ತೂಗುತ್ತಿರುತ್ತದೆ. ಮೇಲೆ ಗದ್ದಕ್ಕೆ, ಕೆಳಗೆ ಎದೆಮೂಳೆಗೆ, ಒಂದು ಸ್ನಾಯುವಂತೂ ಹೆಗಲ ಮೂಳೆಯ ತನಕ ಹೋಗುತ್ತದೆ. ತಲೆ ಮುಂದೆ ಚಾಚಿದರೆ ಈ ಮುಂಭಾಗದ ಸ್ನಾಯುಗಳು ಎಳೆದುಕೊಂಡು ದವಡೆಯನ್ನು ಹಿಂದೆ, ಕೆಳಗೆ ಜಗ್ಗುತ್ತವೆ. ಬಾಯಿ ಮುಚ್ಚಿಡಲು ಮ್ಯಾಸಿಟರ್, ಟೆಂಪೊರಾಲಿಸ್ ಸುಮ್ನೆ ಕೂತಾಗಲೂ ದುಡಿಯಬೇಕಾಗುತ್ತದೆ.

ಇನ್ನೊಂದು ದಾರಿ ನರಗಳದ್ದು. ಮುಖದ ನೋವನ್ನು ಮೆದುಳಿಗೆ ಮುಟ್ಟಿಸುವ ಟ್ರೈಜೆಮಿನಲ್ ನರದ ಎಳೆಗಳು ಕತ್ತಿನ ಮೇಲ್ಭಾಗದ ಬೆನ್ನುಹುರಿಯ ತನಕ ಇಳಿಯುತ್ತವೆ. ಕತ್ತಿನ ಮೊದಲ ಮೂರು ನರಗಳ ಸುದ್ದಿಯೂ ಅಲ್ಲೇ ಬಂದು ಸೇರುತ್ತದೆ. ಕತ್ತಿನ ಬೇನೆ ಕಣತಲೆಯಲ್ಲಿ, ಹಣೆಯಲ್ಲಿ ಕಾಣುವುದು ಇದರಿಂದಲೇ. ಆ ಅಕ್ಕನ ತಲೆಬುರುಡೆಯ ಬುಡದಲ್ಲಿ ನಾನು ಬೆರಳು ಒತ್ತಿದಾಗ "ಅಯ್ಯೋ, ಇದೇ ನೋವು ಇಲ್ಲಿಗೆ ಬರೋದು" ಅಂತ ಕಣ್ಣಿನ ಮೇಲ್ಗಡೆ ತೋರಿಸಿದರು.

ಅವತ್ತಿನಿಂದ ಕೆಲಸವನ್ನು ಕೆಳಗಿನಿಂದ ಶುರು ಮಾಡಿದೆ. ಮೊದಲು ಕೂರುವುದು: ಕಂಬಳಿಯನ್ನು ದಪ್ಪಗೆ ಮಡಚಿ ಕುಂಡೆಯ ಕೆಳಗೆ ಇಟ್ಟೆವು. ಮೊಣಕಾಲಿಗಿಂತ ಸೊಂಟ ಸ್ವಲ್ಪ ಮೇಲಿದ್ದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, "ನೇರ ಕೂರಿ" ಅಂತ ಬೈಯಬೇಕಾಗಿಲ್ಲ. ತೊಡೆಯ ಮೇಲೆ ಎರಡು ದಿಂಬು ಇಟ್ಟು ಸೆರಗನ್ನು ಮೇಲೆ ತಂದೆವು. ಆಮೇಲೆ ಎದೆಯ ಹಿಂಭಾಗ. ಟವೆಲ್ ಸುತ್ತಿ ಹೆಗಲ ಮೂಳೆಗಳ ಮಟ್ಟದಲ್ಲಿ ಅಡ್ಡ ಇಟ್ಟು, ಅದರ ಮೇಲೆ ಮಲಗಿ ಐದು ನಿಮಿಷ ನಿಧಾನವಾಗಿ ಉಸಿರಾಡುವುದು. ಮೈ ತಿರುಗಿಸುವ ವ್ಯಾಯಾಮವನ್ನೂ ಇಲ್ಲೇ ಮಾಡಿಸಿದೆ. ಸೊಂಟದ ಐದು ಮೂಳೆಗಳು ಹಿಂದೆ ಮುಂದೆ ಚೆನ್ನಾಗಿ ಬಾಗುತ್ತವೆ, ತಿರುಗುವುದು ಬಹಳ ಕಡಿಮೆ. ಮುಂಡದ ತಿರುಗು ಹೆಚ್ಚಾಗಿ ಎದೆಯ ಭಾಗದ್ದು. ಅದು ಬಿಗಿದರೆ ಕತ್ತು ಜಾಸ್ತಿ ತಿರುಗಬೇಕಾಗುತ್ತದೆ. ಕತ್ತಿನ ತಿರುಗಿನಲ್ಲಿ ಸುಮಾರು ಅರ್ಧ ಮೊದಲ ಎರಡು ಮೂಳೆಗಳ ನಡುವೆಯೇ ಆಗುವುದು. ಬುರುಡೆಯ ಬುಡದ ಸಣ್ಣ ಸ್ನಾಯುಗಳು ಅಲ್ಲೇ ಇರುವುದು.

ದವಡೆಗೆ ಬಂದದ್ದು ಕೊನೆಗೆ. 'ಲ' ಅನ್ನುವಾಗ ನಾಲಿಗೆಯ ತುದಿ ತಾಗುವ ಜಾಗ ಇದೆಯಲ್ಲ, ಮೇಲಿನ ಹಲ್ಲುಗಳ ಹಿಂದೆ? ನಾಲಿಗೆ ಅಲ್ಲೇ ಇರಲಿ, ತುಟಿ ಮುಚ್ಚಿರಲಿ, ಹಲ್ಲು ಮಾತ್ರ ಒಂದಕ್ಕೊಂದು ತಾಗದಿರಲಿ ಅಂದೆ. ಕನ್ನಡಿಯ ಮುಂದೆ ನಾಲಿಗೆಯನ್ನು ಅಲ್ಲಿಂದ ಬಿಡದೆ ಬಾಯಿ ತೆರೆಯುವುದು, ಗದ್ದ ನಡುಗೆರೆ ಬಿಡದ ಹಾಗೆ, ದಿನಕ್ಕೆ ಆರು ಸಲ. ನಾಲಿಗೆ ಅಂಗುಳಕ್ಕೆ ಹತ್ತಿದ್ದರೆ ಬಾಯಿ ಟಕ್ ಅನ್ನುವಷ್ಟು ತೆರೆಯುವುದಿಲ್ಲ. ಕೀಲು ನೋವಿಲ್ಲದೆ ಉರುಳುವುದನ್ನು ಮತ್ತೆ ಕಲಿಯುತ್ತದೆ.

ಬಾಯಿ ತೆರೆಯುತ್ತಿಲ್ಲ ಅಂತ ಬಂದವರಿಗೆಲ್ಲ ನಾನು ಇದನ್ನು ಮಾಡಿಸುವುದಿಲ್ಲ. ಅಡಿಕೆ, ಗುಟ್ಕಾ ಹಾಕುವವರಿಗೆ ವರ್ಷಗಟ್ಟಲೆ ನಿಧಾನವಾಗಿ ಬಾಯಿ ಕಿರಿದಾಗಿದ್ದರೆ, ಒಳಕೆನ್ನೆ ಬಿಳಚಿ ಗಟ್ಟಿಯಾಗಿದ್ದರೆ, ಖಾರ ಉರಿಯುತ್ತಿದ್ದರೆ, ಅದು ಸ್ನಾಯುವಿನ ಬಿಗಿತವಲ್ಲ. ಅದು ಮುಂದೆ ಕ್ಯಾನ್ಸರ್ ಕೂಡ ಆಗಬಹುದು. ಅವರನ್ನು ಅವತ್ತೇ ಹಲ್ಲಿನ ಡಾಕ್ಟರ ಹತ್ತಿರ ಕಳಿಸುತ್ತೇನೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಬರುವ ದವಡೆ ನೋವು ಹೃದಯದ್ದಿರಬಹುದು. ಅವರ ದವಡೆ ಮುಟ್ಟುವುದೇ ಇಲ್ಲ, ಮೊದಲು ಇಸಿಜಿ ಆಗಬೇಕು.

ಆರನೇ ವಾರ ಸ್ಕೇಲ್ ಇಟ್ಟಾಗ 41 ಬಂತು. ರೊಟ್ಟಿ ಎರಡೂ ಕಡೆ ಅಗಿಯುತ್ತಿದ್ದರು. ಪುಟ್ಟ ಕತ್ತರಿಯೊಂದಕ್ಕೆ ಕುಚ್ಚಿನ ದಾರವನ್ನೇ ಕಟ್ಟಿ ಕೊರಳಿಗೆ ಹಾಕಿಕೊಂಡು ಬಂದಿದ್ದರು, ಹಲ್ಲಿನಲ್ಲಿ ಕಡಿಯುವುದು ಮರೆಯಲಿ ಅಂತ. ಟಕ್ ಅನ್ನುವ ಸದ್ದು ಪೂರ್ತಿ ಹೋಗಿರಲಿಲ್ಲ. "ಇದು ಇದ್ರೆ ಏನಾದ್ರೂ ಆಗುತ್ತಾ ಮೇಡಂ?" ಅಂತ ಕೇಳಿದರು. ನೋವಿಲ್ಲದ, ಬಾಯಿ ಹಿಡಿದುಕೊಳ್ಳದ ಸದ್ದಿಗೆ ಚಿಕಿತ್ಸೆ ಬೇಡ ಅಂತ ಹೇಳಿ ಫೈಲ್ ಮುಚ್ಚಿದೆ.