ಸೀರೀಸ್ ಬಿಡಬೇಡಿ, ನಿಲ್ಲಿಸುವ ಜಾಗ ಬದಲಿಸಿ

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಒಂದಷ್ಟು ಹುಡುಗ ಹುಡುಗಿಯರಿಗೆ ಮೆಂಟರ್ ಕೂಡ. ರಾತ್ರಿಯಿಡೀ ಯಾರು ಸೀರೀಸ್ ನೋಡಿದ್ದಾರೆ ಅಂತ ಬೆಳಗಿನ ಮೊದಲ ಪೀರಿಯಡ್‌ನಲ್ಲೇ ಗೊತ್ತಾಗುತ್ತದೆ. ತೂಕಡಿಸುವವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಬೋರ್ಡ್ ಮೇಲಿನ ಸರ್ಕ್ಯೂಟನ್ನು ಒಂದು ಗೆರೆಯೂ ತಪ್ಪದೆ ಬರೆದುಕೊಂಡು, 'ಈ ರೆಸಿಸ್ಟರ್ ಇಲ್ಲಿ ಯಾಕಿದೆ ಹೇಳಪ್ಪ' ಅಂದರೆ ಸುಮ್ನೆ ನನ್ನ ಮುಖ ನೋಡುತ್ತಾರಲ್ಲ, ಅವರದ್ದೇ ಚಿಂತೆ. ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರಬೇಕಾದರೆ ನಿದ್ದೆ ಬೇಕೇ ಬೇಕು. ಆ ವಯಸ್ಸಿಗೆ 7ರಿಂದ 9 ಗಂಟೆ. ಮೂರಕ್ಕೆ ಮಲಗಿದರೆ ತಿಂಡಿ ತಪ್ಪುತ್ತದೆ, ಮೊದಲ ಪೀರಿಯಡ್ ತಪ್ಪುತ್ತದೆ, ಸೆಮಿಸ್ಟರ್ ಕೊನೆಗೆ ನಮ್ಮ ವಿಶ್ವವಿದ್ಯಾಲಯ ವಿಟಿಯು ಕೇಳುವ ಶೇ 85 ಅಟೆಂಡೆನ್ಸ್‌ಗೆ ಪರದಾಟ ಶುರು.

ಆದರೂ 'ನೋಡಲೇಬೇಡಿ' ಅಂತ ನಾನು ಹೇಳುವುದಿಲ್ಲ. ಹೇಳಿದರೆ ಯಾರೂ ಕೇಳುವುದಿಲ್ಲ, ಮತ್ತೆ ತಪ್ಪೆಲ್ಲ ಅವರದ್ದೂ ಅಲ್ಲ. 2013ರಲ್ಲಿ ನೆಟ್‌ಫ್ಲಿಕ್ಸ್ 'ಹೌಸ್ ಆಫ್ ಕಾರ್ಡ್ಸ್'ನ 13 ಎಪಿಸೋಡ್‌ಗಳನ್ನು ಒಂದೇ ದಿನ ಬಿಟ್ಟಿತು. ನಮ್ಮ ಮನೆಯ ಟಿವಿ ಧಾರಾವಾಹಿ ನಾಳೆಯವರೆಗೆ ಕಾಯಿಸುತ್ತಿತ್ತು, ಇಲ್ಲಿ ಕೆಲವೇ ಸೆಕೆಂಡಿನಲ್ಲಿ ಮುಂದಿನದು ತಾನಾಗೇ ಓಡುತ್ತದೆ.

ಹಾಗಾಗಿ ಮೆಂಟರಿಂಗ್‌ಗೆ ಬಂದವರ ಜೊತೆ ಕೂತು ಮೊದಲು ಈ ಆಟೋಪ್ಲೇ ತೆಗೆಸುತ್ತೇನೆ. ಬ್ರೌಸರ್‌ನಲ್ಲಿ ಅಕೌಂಟ್ ತೆರೆದು, ಪ್ರೊಫೈಲ್‌ನ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಟಿಕ್ ತೆಗೆದರೆ ಆಯಿತು. ಇದರಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ, ಯಾಕೆಂದರೆ ಕುತೂಹಲಕ್ಕೆ ಸೆಟ್ಟಿಂಗ್ ಇಲ್ಲ. ಒಬ್ಬಳು ಕೇಳಿದಳು, 'ಸರ್, ಲಾಸ್ಟಲ್ಲಿ ಬಾಗಿಲು ತೆಗೀತಾಳೆ, ಒಳಗೆ ಯಾರಿದ್ದಾರೆ ಅಂತ ನೋಡ್ದೆ ಹೇಗೆ ಸರ್ ಮಲಗೋದು?' ಸರಿಯಾದ ಪ್ರಶ್ನೆ ಅಲ್ವಾ? ನಾನಂದೆ, 'ನೋಡಮ್ಮ, ಯಾರು ಅಂತ ಗೊತ್ತಾದ ಕೂಡಲೇ ನಿಲ್ಲಿಸು.'

ಗುಟ್ಟು ಇರುವುದು ಇಲ್ಲೇ. ಎಪಿಸೋಡ್ ಮುಗಿಯುವ ಕ್ಷಣವೇ ನಿಲ್ಲಿಸಲು ಅತ್ಯಂತ ಕಷ್ಟದ ಕ್ಷಣ, ಅದನ್ನು ಹಾಗೆಂದೇ ಬರೆದಿರುತ್ತಾರೆ. ಆ ಗಂಟು ಸಾಮಾನ್ಯವಾಗಿ ಮುಂದಿನ ಎಪಿಸೋಡಿನ ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದೆ, ಆಮೇಲೆ ಕಥೆ ಸ್ವಲ್ಪ ಹೊತ್ತು ನಿಧಾನ ಆಗುತ್ತದೆ. ಪಾತ್ರಗಳು ಕೂತು ಊಟ ಮಾಡುತ್ತಾ ಮಾತಾಡುವ ದೃಶ್ಯ ಬಂತೋ, ಲ್ಯಾಪ್‌ಟಾಪ್ ಮುಚ್ಚಿ. ಈಗ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಎಪಿಸೋಡಿನ ಮಧ್ಯಕ್ಕೇ ನಿಲ್ಲಿಸುತ್ತಾರೆ. ಇಂಟರ್ನಲ್ಸ್ ಪರೀಕ್ಷೆಯ ವಾರದಲ್ಲೂ ಒಂದೊಂದು ನೋಡಿ ಮಲಗುವವರಿದ್ದಾರೆ, ನನ್ನ ಅಭ್ಯಂತರವಿಲ್ಲ.

ಇದು ಎಲ್ಲರಿಗೂ ಆಗುವುದಿಲ್ಲ. ಊರು ಬಿಟ್ಟು ಹಾಸ್ಟೆಲ್‌ಗೆ ಬಂದು, ಯಾರೂ ಜೊತೆಯಿಲ್ಲದೆ, ಮೆಸ್ಸಿನಲ್ಲೂ ತಟ್ಟೆ ಪಕ್ಕ ಫೋನ್ ನಿಲ್ಲಿಸಿಕೊಂಡು ಊಟ ಮಾಡುವ ಹುಡುಗನಿಗೆ ಕಥೆಯ ಕುತೂಹಲ ಇರುವುದಿಲ್ಲ, ಅವನಿಗೆ ಕಿವಿಗೊಂದು ಮಾತು ಬೇಕು ಅಷ್ಟೇ. ಅಂಥವರಿಗೆ ಸೆಟ್ಟಿಂಗ್ ಹೇಳಿಕೊಟ್ಟು ಪ್ರಯೋಜನವಿಲ್ಲ. ಅವರನ್ನು ಸೀನಿಯರ್ ಜೊತೆ ಊಟಕ್ಕೆ ಕೂರಿಸುತ್ತೇನೆ, ಸಂಜೆ ಗ್ರೌಂಡಿಗೆ ಕಳಿಸುತ್ತೇನೆ. ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 'ಶಟ್ ಕ್ಲಿನಿಕ್' ಇದೆ. ದೂರ ಆಯಿತು ಅನ್ನುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.